ಸೋದರಮಾವನ ಸೀಟು

ಉಡುಪಿಯಿಂದ ಕಾರ್ಕಳಕ್ಕೆ ಎಷ್ಟು ದೂರ ಎಂದು ಕರುಣಾಕರನನ್ನು ಕೇಳಿದರೆ ಅವನು ನೇರ ಉತ್ತರ ಕೊಡುವವನಲ್ಲ. "ಯಾವ ದಾರಿಯಲ್ಲಿ?" ಎಂದು ತಿರುಗಿ ಕೇಳುತ್ತಾನೆ. ಮಣಿಪಾಲ ಹತ್ತಿ, ಪರ್ಕಳ ಇಳಿದು, ಹಿರಿಯಡಕ, ಬೈಲೂರು ದಾಟಿ ಹೋಗುವುದು ಒಂದು ದಾರಿ. ಕಟಪಾಡಿಯಲ್ಲಿ ಎಡಕ್ಕೆ ತಿರುಗಿ ಶಂಕರಪುರ, ಶಿರ್ವ, ಬೆಳ್ಮಣ್ಣಿನ ಮೇಲೆ ಹೋಗುವುದು ಇನ್ನೊಂದು. ಕಾಪು ದಾಟಿ ಪಡುಬಿದ್ರಿಯವರೆಗೆ ಹೈವೇಯಲ್ಲೇ ಹೋಗಿ ಅಲ್ಲಿಂದ ಒಳಗೆ ನುಗ್ಗುವುದು ಮೂರನೆಯದು. ಮೂರರಲ್ಲೂ ಎಲ್ಲೆಲ್ಲಿ ಹೊಂಡ, ಯಾವ ತಿರುವಿನಲ್ಲಿ ಬಸ್ಸಿನವರು ಹಾರ್ನ್ ಹಾಕದೆ ಮೈಮೇಲೆ ಬರುತ್ತಾರೆ, ಯಾವ ಹೋಟೆಲಿನ ಎದುರು ಅಂಗಳ ಸಮತಟ್ಟಾಗಿ ಉಂಟು ಎಂಬುದೆಲ್ಲ ಅವನಿಗೆ ಬಾಯಿಪಾಠ. ಬನ್ನಂಜೆಯ ಕಾರ್ ಸ್ಟ್ಯಾಂಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತವನಿಗೆ ಇಷ್ಟಾದರೂ ಗೊತ್ತಿರಬೇಕು.

ಓದು ಆರನೇ ಕ್ಲಾಸಿಗೆ ನಿಂತಿತ್ತು. ಮಾಸ್ಟರು ಇವನ ತಪ್ಪಿಲ್ಲದೆ ಕೆನ್ನೆಗೆ ಬಾರಿಸಿದರು, ಇವನು ಸ್ಲೇಟು ಎತ್ತಿ ಬಿಸಾಡಿದ, ಅಲ್ಲಿಗೆ ಶಾಲೆಯ ಋಣ ಹರಿಯಿತು. ಮತ್ತೆ ಕಾರ್ಕಳದಿಂದ ಕಲ್ಲು ಸಾಗಿಸುವ ಲಾರಿಗೆ ಕ್ಲೀನರ್ ಆದ, ಆಮೇಲೆ ಅದೇ ಲಾರಿಗೆ ಡ್ರೈವರ್, ಆಮೇಲೆ ಸ್ವಂತ ಕಾರು. ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಇವನ ಕೋಪವೇ ಅದನ್ನು ಮುರಿಯಿತು. ತಂಗಿ ಬೇಬಿಯ ಗಂಡ ತೀರಿಕೊಂಡಾಗ ಅವಳ ಮಗಳು ಭವ್ಯಶ್ರೀ ಮೂರನೇ ಕ್ಲಾಸು, ಮಗ ರೋಹಿತ್ ಇನ್ನೂ ಸರಿಯಾಗಿ ನಡೆಯುತ್ತಿರಲಿಲ್ಲ. ಕರುಣಾಕರ ತನ್ನ ಬಟ್ಟೆಬರೆ ಕಟ್ಟಿಕೊಂಡು ಬಂದು ತಂಗಿಯ ಮನೆಯ ಬದಿಯ ಕೋಣೆಯಲ್ಲಿ ಉಳಿದ. ಆ ಮಕ್ಕಳನ್ನು ಶಾಲೆಗೆ ಬಿಟ್ಟದ್ದು, ಜ್ವರ ಬಂದರೆ ಮಣಿಪಾಲಕ್ಕೆ ಕೊಂಡುಹೋದದ್ದು, ಕಾಲೇಜಿನ ಫಾರ್ಮಿಗೆ ಕ್ಯೂ ನಿಂತದ್ದು, ಎಲ್ಲ ಅವನೇ. ಇದನ್ನು ಅವನು ಯಾರ ಎದುರೂ ಹೇಳಿಕೊಂಡವನಲ್ಲ. ಹೇಳಬೇಕಾದವರು ಹೇಳಲಿ ಎಂದು ಕಾದದ್ದು ಮಾತ್ರ ಹೌದು.

ಹೇಳುವ ದಿನ ಒಂದಿತ್ತು. ಅವರ ಜನರ ನಿಶ್ಚಿತಾರ್ಥದಲ್ಲಿ ಉಂಗುರ, ಕೇಕು, ಫೋಟೊದವನ ಕೊಡೆ ಎಲ್ಲ ಮೊನ್ನೆ ಮೊನ್ನೆ ಬಂದದ್ದು. ಮೊದಲಿನಿಂದ ಇರುವುದು ವೀಳ್ಯದ ಹರಿವಾಣ. ಎಲೆ, ಅಡಿಕೆ, ಮಲ್ಲಿಗೆ ಇಟ್ಟ ಆ ಹಿತ್ತಾಳೆಯ ತಟ್ಟೆಯನ್ನು ಹುಡುಗಿಯ ಸೋದರಮಾವ ಹುಡುಗನ ಸೋದರಮಾವನ ಕೈಗೆ ಕೊಡಬೇಕು, ಆ ಕಡೆಯದನ್ನು ಇವನು ತೆಗೆದುಕೊಳ್ಳಬೇಕು. ತಂದೆ ಬದುಕಿದ್ದರೂ ಆ ಕೆಲಸಕ್ಕೆ ಕೈ ಮಾವನದ್ದೇ. ಮಾವನೇ ಮನೆಯ ಯಜಮಾನನಾಗಿದ್ದ ಅಳಿಯಕಟ್ಟಿನ ಕಾಲ ಹೋಗಿ ಎಷ್ಟೋ ವರ್ಷವಾಯಿತು. ಮಾವಂದಿರಿಗೆ ಉಳಿದದ್ದು ಈ ಎರಡು ನಿಮಿಷ. ಆ ಎರಡು ನಿಮಿಷವನ್ನು ಕರುಣಾಕರ ಇನ್ನೂರು ಮನೆಗಳಲ್ಲಿ ನೋಡಿದ್ದ. ಬಾಡಿಗೆಗೆ ಹೋದಲ್ಲೆಲ್ಲ, ಬಾಗಿಲಿನ ಹೊರಗೆ, ಚಪ್ಪಲಿಗಳ ಹತ್ತಿರ ನಿಂತು.

ಭವ್ಯಶ್ರೀಗೆ ಕಾರ್ಕಳದ ಸಂಬಂಧ ಗಟ್ಟಿಯಾಯಿತು. ಭಾನುವಾರ ಹುಡುಗನ ಮನೆಯಲ್ಲೇ ನಿಶ್ಚಿತಾರ್ಥ, ಮುಹೂರ್ತ ಹತ್ತು ಐವತ್ತರಿಂದ ಹನ್ನೊಂದು ಹತ್ತರೊಳಗೆ. ಗುರುವಾರ ಸಂಜೆ ಜಗಲಿಯಲ್ಲಿ ಕೂತು ಪ್ರಯಾಣದ ಮಾತು ತೆಗೆದರು. ರೋಹಿತ್ ಆಫೀಸಿನಿಂದ ಒಂದು ಹಾಳೆ ಪ್ರಿಂಟ್ ತೆಗೆದು ತಂದಿದ್ದ. ಕರುಣಾಕರನ ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿ, ಒಂದು ಪೆನ್ಸಿಲು.

"ಒಂಬತ್ತಕ್ಕೆ ಬಿಡುದು ಮಾವ. ಮ್ಯಾಪಿನಲ್ಲಿ ಒಂದು ಗಂಟೆ ತೋರಿಸ್ತದೆ" ಎಂದ ರೋಹಿತ್.

"ಪರ್ಕಳದಲ್ಲಿ ರಸ್ತೆ ಅಗೆದು ಹಾಕಿದ್ದು ನಿನ್ನ ಮ್ಯಾಪಿಗೆ ಗೊತ್ತುಂಟಾ?"

"ಗೊತ್ತಿರ್ತದೆ. ಕೆಂಪು ತೋರಿಸ್ತದೆ."

"ಕೆಂಪು ತೋರಿಸಿ ಎಂತ ಮಾಡುದು? ಇಳಿದು ದೂಡ್ತದಾ?"

ಒಳಗಿನಿಂದ ಭವ್ಯಶ್ರೀ ನಕ್ಕದ್ದು ಕೇಳಿಸಿತು. ಕರುಣಾಕರನಿಗೂ ಹುರುಪು ಬಂತು. "ಕಟಪಾಡಿಯಲ್ಲಿ ತಿರುಗುವ. ಶಂಕರಪುರದಲ್ಲಿ ಒಲಿಂಡಾ ಬಾಯಿ ನಮಗಾಗಿಯೇ ಹೂ ಕೊಯ್ದು ಕಟ್ಟಿ ಇಡ್ತಾರೆ. ಗಿಡದಿಂದ ನೇರ ಹರಿವಾಣಕ್ಕೆ. ಅಲ್ಲಿಂದ ಶಿರ್ವ, ಬೆಳ್ಮಣ್ಣು. ರಸ್ತೆ ಖಾಲಿ."

"ಆದರೆ ಮಣಿಪಾಲದಲ್ಲಿ ಜಯಣ್ಣನನ್ನು ಹತ್ತಿಸಬೇಕಲ್ಲ ಅಣ್ಣ" ಎಂದಳು ಬೇಬಿ.

ಜಯಶೀಲ ಎಂದರೆ ಇವರ ದೊಡ್ಡಮ್ಮನ ಮಗ. ಹದಿನೆಂಟು ವರ್ಷ ಬಹರೈನಿನಲ್ಲಿದ್ದು ಬಂದು ಮಣಿಪಾಲದ ಫ್ಲಾಟಿನಲ್ಲಿ ಕೂತವನು. ಲೆಕ್ಕಕ್ಕೆ ಅವನೂ ಭವ್ಯಶ್ರೀಗೆ ಮಾವನೇ. ಅವಳು ಯಾವ ಕಾಲೇಜಿನಲ್ಲಿ ಓದಿದ್ದು ಎಂದು ಕೇಳಿದರೆ ಮಾತ್ರ ಅವನಿಗೆ ಗೊತ್ತಿಲ್ಲ.

"ಅವನಿಗೆ ಕಾರಿಲ್ವಾ?"

"ಅವರ ಕಾರು ಗ್ಯಾರೇಜಿನಲ್ಲಿ ಉಂಟಂತೆ. ಬಿಟ್ಟು ಹೋದರೆ ಚೆಂದ ಅಲ್ಲ ಮಾರಾಯ."

"ಹಾಗಾದರೆ ಹೂ ನಾನೇ ಬೆಳಿಗ್ಗೆ ಹೋಗಿ ತರ್ತೇನೆ. ಮತ್ತೆ ಮಣಿಪಾಲದ ಮೇಲೆಯೇ ಹೋಗುವ. ಆದರೆ ಎಂಟೂವರೆಗೆ ಬಿಡಬೇಕು. ಸೀರೆ ನೆರಿಗೆ ಸರಿಯಾಗಲಿಲ್ಲ ಅಂತ ಹೇಳಿದರೆ ನೆರಿಗೆಯನ್ನು ಇಲ್ಲಿಯೇ ಬಿಟ್ಟು ಹೋಗುದು."

ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ರೋಹಿತನ ಹಾಳೆಯನ್ನು ಅವನು ಕೈಗೆ ತೆಗೆದುಕೊಂಡದ್ದೇ ಕೆಟ್ಟಿತು. ಡ್ರೈವರನಾದವನ ಕಣ್ಣು ಮೊದಲು ಹೋಗುವುದು ಡ್ರೈವರನ ಹೆಸರಿಗೆ. ಮೊದಲನೆಯ ಗಾಡಿ, ಕರುಣಾಕರನದೇ ಬಿಳಿ ಕಾರು. ಅದರ ಎದುರು ಬರೆದಿತ್ತು: ಡ್ರೈವರ್, ಆಲ್ವಿನ್.

ಆಲ್ವಿನ್ ಉದ್ಯಾವರದವನು, ಅದೇ ಸ್ಟ್ಯಾಂಡಿನವನು, ಒಳ್ಳೆಯ ಹುಡುಗನೇ. ಆದರೆ ಹೋದ ತಿಂಗಳು ಉದ್ಯಾವರ ಸೇತುವೆಯ ಹತ್ತಿರ ಕರುಣಾಕರ ಟೆಂಪೊ ಒಂದಕ್ಕೆ ತಾಗಿಸಿ ಬದಿಯ ಕನ್ನಡಿ ಮುರಿದುಕೊಂಡಿದ್ದ. ಸ್ಟ್ಯಾಂಡಿನಲ್ಲಿ ಎಲ್ಲರೂ ನಕ್ಕಿದ್ದರು. "ಕರುಣಣ್ಣನಿಗೆ ಈಗ ಟೆಂಪೊವೂ ಸೈಕಲಿನಷ್ಟೇ ಕಾಣ್ತದೆ" ಎಂದವನು ಇದೇ ಆಲ್ವಿನ್.

"ನನ್ನ ಕಾರಿಗೆ ಆಲ್ವಿನ್ ಯಾಕೆ?"

"ಮಾವ, ಆ ದಿನ ನೀವು..."

"ಆ ದಿನ ನಾನು ಎಂತ? ಕಣ್ಣು ಕಾಣುದಿಲ್ವಾ? ಕೈ ನಡುಗ್ತದಾ? ಯಾರು ಹೇಳಿದ್ದು ನಿನಗೆ, ಅವನಾ?"

"ಅಣ್ಣ, ಒಮ್ಮೆ ಪೂರಾ ಕೇಳು" ಎಂದಳು ಬೇಬಿ.

"ಕೇಳುದಕ್ಕೆ ಎಂತ ಉಂಟು? ಇವಳನ್ನು ಶಾಲೆಗೆ ಕೊಂಡುಹೋದವ ನಾನು. ಇವಳ ನಿಶ್ಚಿತಾರ್ಥಕ್ಕೆ ಇವಳನ್ನು ಇನ್ನೊಬ್ಬ ಕೊಂಡುಹೋಗುದಾ? ನನ್ನ ಸ್ಟೇರಿಂಗಿಗೆ ಕೈ ಹಾಕಿದರೆ ಕೈ ಮುರಿತೇನೆ ಅಂತ ಹೇಳು ಅವನಿಗೆ."

ಹಾಳೆಯನ್ನು ನಾಲ್ಕಾಗಿ ಮಡಚಿ ಬಾಡಿಗೆಯ ಬಿಳಿ ಪ್ಯಾಂಟಿನ ಜೇಬಿಗೆ ತುರುಕಿ ಎದ್ದು ಹೋದ. ಮರುದಿನ ಇಡೀ ಮನೆಯಲ್ಲಿ ಉಣ್ಣಲಿಲ್ಲ. ಅವನಿಗೆ ಕೋಪ ಬಂದಾಗ ಹತ್ತಿರ ಹೋಗಬಾರದು ಎಂಬುದು ಆ ಮನೆಯಲ್ಲಿ ಎಲ್ಲರೂ ಕಲಿತ ಪಾಠ, ಕಲಿಸಿದವನು ಅವನೇ. ಶನಿವಾರ ಬೆಳಿಗ್ಗೆ ರೋಹಿತ್ ಕಾರಿನ ಹತ್ತಿರ ಬಂದು, "ಆಯಿತು ಮಾವ, ನೀವೇ ಬಿಡಿ. ಆಲ್ವಿನ್ ನೆಂಟರ ಟ್ರಾವೆಲರ್ ವ್ಯಾನ್ ಬಿಡ್ಲಿ" ಎಂದಷ್ಟೇ ಹೇಳಿ ಹೋದ. ಗೆದ್ದೆ ಎಂದುಕೊಂಡು ಕರುಣಾಕರ ಆ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡ.

ಭಾನುವಾರ ನಸುಕಿಗೆ ಎದ್ದು ಕಾರು ತೊಳೆದ. ಶಂಕರಪುರಕ್ಕೆ ಹೋಗಿ, ಒಲಿಂಡಾ ಬಾಯಿ ಬಾಳೆಎಲೆಯಲ್ಲಿ ಸುತ್ತಿಕೊಟ್ಟ ಮಲ್ಲಿಗೆ ತಂದ. "ಯಾರು ಕೊಡುದು ವೀಳ್ಯ?" ಎಂದು ಆಕೆ ಕೇಳಿದ್ದಳು. "ಮತ್ಯಾರು?" ಎಂದಿದ್ದ. ಜರಿಯ ಅಂಚಿನ ಮುಂಡು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಶಾಲು, ಮೂರನ್ನೂ ಒಂದು ಚೀಲದಲ್ಲಿ ಮಡಚಿ ಡಿಕ್ಕಿಯಲ್ಲಿಟ್ಟ. ಮುಂಡು ಉಟ್ಟು ಅವನು ಯಾವತ್ತೂ ಕಾರು ಬಿಟ್ಟವನಲ್ಲ, ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬಾಡಿಗೆಗೆ ಹೋಗುವಾಗಿನ ಬಿಳಿ ಪ್ಯಾಂಟು, ಬಿಳಿ ಶರ್ಟಿನಲ್ಲೇ ಹೊರಟ. ಹಿಂದೆ ಬೇಬಿ, ಭವ್ಯಶ್ರೀ, ಭವ್ಯಶ್ರೀಯ ಮಡಿಲಲ್ಲಿ ಹರಿವಾಣ. ಪಕ್ಕದ ಸೀಟು ಖಾಲಿ. ರೋಹಿತ್ ಮತ್ತು ಉಳಿದ ನೆಂಟರು ಆಲ್ವಿನನ ಟ್ರಾವೆಲರಿನಲ್ಲಿ. ರೋಹಿತ್ ಮಾವನ ಫೋನು ತೆಗೆದುಕೊಂಡು ಮ್ಯಾಪ್ ಹಾಕಿ ಎದುರು ಸಿಕ್ಕಿಸಿ ಹೋಗಿದ್ದ.

ಮಣಿಪಾಲದಲ್ಲಿ ಜಯಶೀಲ ಕ್ರೀಮ್ ಬಣ್ಣದ ರೇಷ್ಮೆ ಶರ್ಟು, ಮುಂಡು, ಹೆಗಲಿಗೆ ಶಾಲು ಹಾಕಿ ಗೇಟಿನಲ್ಲಿ ನಿಂತಿದ್ದ. ಬಂದವನೇ ಮುಂದಿನ ಬಾಗಿಲು ತೆಗೆದು ಕೂತ.

"ಎಸಿ ಸ್ವಲ್ಪ ಜಾಸ್ತಿ ಮಾಡು ಕರುಣಾಕರ."

ಮಾಡಿದ.

"ಬಹರೈನಿನಲ್ಲಿ ಡ್ರೈವರುಗಳು ಕಾರಿನಲ್ಲಿ ನೀರಿನ ಬಾಟ್ಲಿ ಇಡ್ತಾರೆ. ನೀವು ಇಡುದಿಲ್ವಾ?"

"ಇಡ್ತೇನೆ. ಬಾಡಿಗೆಗೆ ಬಂದವರಿಗೆ."

ಬೇಬಿ ಹಿಂದಿನಿಂದ ಕೆಮ್ಮಿದಳು. ಪರ್ಕಳದಲ್ಲಿ ಅಗೆದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಹೋಯಿತು. ಟ್ರಾವೆಲರ್ ಎಲ್ಲಿಯೋ ಹಿಂದೆ ಉಳಿಯಿತು. ಹಿರಿಯಡಕದ ಹತ್ತಿರ ಫೋನಿನ ಹೆಂಗಸು ಬಲಕ್ಕೆ ತಿರುಗಿ ಎಂದಳು, ಜಯಶೀಲನೂ "ಬಲಕ್ಕೆ ಹೇಳ್ತಾ ಉಂಟಲ್ಲ" ಎಂದ. ಇಬ್ಬರ ಮೇಲಿನ ಸಿಟ್ಟನ್ನೂ ಕರುಣಾಕರ ಫೋನಿನ ಮೇಲೆ ತೀರಿಸಿದ. ಗುಂಡಿ ಒತ್ತಿ ಹಿಡಿದು ಪೂರ್ತಿ ಬಂದ್ ಮಾಡಿದ.

"ಮಾವ, ಮುಂಡು ತಂದಿದ್ದೀರಲ್ಲ?" ಎಂದು ಭವ್ಯಶ್ರೀ ಕೇಳಿದಳು.

"ಡಿಕ್ಕಿಯಲ್ಲಿ ಉಂಟು."

"ಹೋದ ಕೂಡಲೇ ಉಟ್ಟುಕೊಳ್ಳಿ."

ಆ ಒಂದು ಮಾತಿಗೆ ಬೈಲೂರಿನವರೆಗೆ ಅವನ ಮನಸ್ಸು ತಣ್ಣಗಿತ್ತು.

ಹುಡುಗನ ಮನೆಯ ಗೇಟಿನಲ್ಲಿ ಹತ್ತು ಜನ ಸಾಲಾಗಿ ನಿಂತಿದ್ದರು. ಒಬ್ಬಳ ಕೈಯಲ್ಲಿ ಬೆಲ್ಲ ನೀರಿನ ತಟ್ಟೆ. ಕಾರು ನಿಂತದ್ದೇ ಅವರು ಮುಂದಿನ ಬಾಗಿಲಿನ ಹತ್ತಿರ ಬಂದರು. ಶಾಲು ಹೊದ್ದ ಜಯಶೀಲ ಇಳಿದ. "ಬನ್ನಿ ಬನ್ನಿ, ಹುಡುಗಿಯ ಮಾವ ಅಲ್ವಾ?" ಎಂದು ಬೆಲ್ಲದ ತಟ್ಟೆ ಮೊದಲು ಅವನ ಎದುರು ಹಿಡಿದರು. ಮಾವನಂತೂ ಹೌದಲ್ಲ, ಜಯಶೀಲ ನಕ್ಕು ಬೆಲ್ಲ ಬಾಯಿಗೆ ಹಾಕಿಕೊಂಡ. ಬೇಬಿ ಮಗಳ ಸೆರಗು ಕಾರಿನ ಬಾಗಿಲಿಗೆ ಸಿಕ್ಕಿದ್ದನ್ನು ಬಿಡಿಸುತ್ತಿದ್ದಳು. ಕರುಣಾಕರ ಇಂಜಿನ್ ಆರಿಸಿ ಇಳಿಯಬೇಕು ಎನ್ನುವಾಗ ಒಬ್ಬ ಕಿಟಕಿಯ ಹತ್ತಿರ ಬಗ್ಗಿದ.

"ಡ್ರೈವರ್, ಗಾಡಿ ಆ ಪಾದೆಯ ಮೇಲೆ ಹಾಕಿ. ಗೇಟಿನಲ್ಲಿ ಬೇಡ, ಇನ್ನೂ ಗಾಡಿ ಬರ್ಲಿಕ್ಕುಂಟು. ನಿಮಗೆಲ್ಲ ಚಾ ತಿಂಡಿ ಹಿಂದೆ ಉಂಟು."

ಕರುಣಾಕರ ಜಯಶೀಲನ ಮುಖ ನೋಡಿದ. ಜಯಶೀಲನ ಕಿವಿಗೆ ಅದು ಬಿದ್ದಿತ್ತು. ಅವನು ಶಾಲು ಸರಿಮಾಡಿಕೊಂಡು ಒಳಗೆ ನಡೆದ. ಭವ್ಯಶ್ರೀ ಹರಿವಾಣ ಹಿಡಿದು ತಿರುಗಿ ನೋಡುವಷ್ಟರಲ್ಲಿ ಹೆಂಗಸರು ಅವಳನ್ನು ಸುತ್ತಿಕೊಂಡು ಹೊರಟಿದ್ದರು. ನಾನು ಡ್ರೈವರಲ್ಲ, ಹುಡುಗಿಯ ಸೋದರಮಾವ ಎಂದು ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಊರಿಗೆಲ್ಲ ಬಯ್ಯಲು ತೆರೆಯುವ ಬಾಯಿ ಆ ಮಾತಿಗೆ ಮಾತ್ರ ತೆರೆಯಲಿಲ್ಲ. ತನ್ನ ಸ್ಥಾನವನ್ನು ತಾನೇ ಕೂಗಿ ಹೇಳುವುದೆ? ಗೇರ್ ಹಾಕಿದ.

ಪಾದೆ ಎಂದರೆ ಕಾರ್ಕಳದ ಕರಿಕಲ್ಲಿನ ಬಯಲು, ಮನೆಯಿಂದ ಮುನ್ನೂರು ಹೆಜ್ಜೆ ಆಚೆ. ಬಿಸಿಲು ಆಗಲೇ ಕಲ್ಲಿನಿಂದ ಮೇಲೇಳುತ್ತಿತ್ತು. ಕೊನೆಯಲ್ಲಿ ಗೋಳಿಮರವೊಂದರ ನೆರಳು. ಮದುಮಗಳು ಕೂರುವ ಕಾರು ಬಿಸಿಲಲ್ಲಿ ಬೇಯಬಾರದು ಎಂದು ಅಲ್ಲಿಯವರೆಗೂ ಹೋದ. ಮೂತಿ ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿದ. ಗಾಜು ಒರೆಸಿದ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಮಾಡಿತು. ಆಮೇಲೆ ಮರದ ಹಿಂದೆ ಹೋಗಿ ಮುಂಡು ಉಟ್ಟು, ಶರ್ಟು ಬದಲಾಯಿಸಿ, ಶಾಲನ್ನು ಹೆಗಲಿಗೆ ಹಾಕಿಕೊಂಡ. ಬದಿಯ ಕನ್ನಡಿಯಲ್ಲಿ ನೋಡಿಕೊಂಡ. ಚೆಂದ ಕಾಣುತ್ತಿದ್ದ. ಮತ್ತೆ ಬೇರಿನ ಮೇಲೆ ಕೂತ.

ಹತ್ತು ನಲವತ್ತೆರಡಕ್ಕೆ ಆಲ್ವಿನ್, ರೋಹಿತ್ ಮತ್ತು ನೆಂಟರನ್ನು ಗೇಟಿನಲ್ಲಿ ಇಳಿಸಿ, ಟ್ರಾವೆಲರ್ ತಂದು ನಿಲ್ಲಿಸಿದ.

"ಎಂತ ಕರುಣಣ್ಣ, ಇನ್ನೂ ಇಲ್ಲಿಯೇ? ಹೊತ್ತಾಯಿತು, ಹೋಗಿ."

"ಕರೀಲಿ. ಬೆಲ್ಲ ನೀರು ಹಿಡ್ಕೊಂಡು ಬರಲಿ. ಮತ್ತೆ ಹೋಗುವ."

"ಅವರಿಗೆ ನೀವು ಯಾರಂತ ಗೊತ್ತಾಗಬೇಕಲ್ಲ ಮಾರಾಯ್ರೆ."

"ಗೊತ್ತುಮಾಡುವವರು ಒಳಗೆ ಇದ್ದಾರಲ್ಲ. ತಂಗಿ ಉಂಟು. ಸೊಸೆ ಉಂಟು. ಪ್ರಿಂಟ್ ತೆಗೆಯುವವ ಉಂಟು."

ಆಲ್ವಿನ್ ಬೀಡಿ ಹಚ್ಚಿದ. ಮನೆಯ ಹಿಂಬದಿಯಿಂದ ಒಬ್ಬ ಪೇಪರ್ ಪ್ಲೇಟಿನಲ್ಲಿ ಗೋಳಿಬಜೆ, ಚಾ ತಂದಿಟ್ಟು, ಮುಂಡು ಉಟ್ಟವನನ್ನು ಒಮ್ಮೆ ನೋಡಿ, ಏನೂ ಕೇಳದೆ ಹೋದ. ಕರುಣಾಕರ ಮುಟ್ಟಲಿಲ್ಲ. ನೊಣ ಬಂದು ಕೂತಿತು.

ಹನ್ನೊಂದು ಐದಕ್ಕೆ ಆಲ್ವಿನನ ಫೋನು ರಿಂಗಾಯಿತು. ರೋಹಿತನ ದನಿ ಪಕ್ಕಕ್ಕೂ ಕೇಳಿಸುತ್ತಿತ್ತು. "ಆಲ್ವಿನಣ್ಣ, ಮಾವ ಎಲ್ಲಿ? ಫೋನು ಸ್ವಿಚ್ ಆಫ್. ಗೇಟಿನಲ್ಲಿ, ರಸ್ತೆಯಲ್ಲಿ, ಎಲ್ಲ ಕಡೆ ಹುಡುಕಿದೆ. ಇವರು ಹೊತ್ತು ಮೀರ್ತದೆ ಅಂತ ಗಡಿಬಿಡಿ ಮಾಡ್ತಾ ಇದ್ದಾರೆ."

ಕರುಣಾಕರ ಎದ್ದ. ಮೊದಲು ನಡೆದ, ಆಮೇಲೆ ಮುಂಡು ಎತ್ತಿ ಕಟ್ಟಿ ಓಡಿದ. ಐವತ್ತೈದು ವರ್ಷದವನು ಕಾದ ಕಲ್ಲಿನ ಮೇಲೆ ಶಾಲು ಹಿಡಿದುಕೊಂಡು ಓಡುವುದನ್ನು ನೋಡಿ ಅಡುಗೆಯವರು ಏನು ಅನಾಹುತವೋ ಎಂದು ಹೊರಗೆ ಬಂದರು. ಗೇಟು ದಾಟಿ, ಅಂಗಳ ದಾಟಿ, ಚಪ್ಪಲಿಗಳ ರಾಶಿಯ ಹತ್ತಿರ ಬಂದು ನಿಂತ.

ಒಳಗೆ ಚಾಪೆಯ ಮೇಲೆ ಜಯಶೀಲ ಹರಿವಾಣ ಎತ್ತಿ ಹಿಡಿದಿದ್ದ. ಒಲಿಂಡಾ ಬಾಯಿಯ ಮಲ್ಲಿಗೆ ಅದರಿಂದ ಎರಡೂ ಬದಿ ಇಳಿಬಿದ್ದಿತ್ತು. ಎದುರಿನ ಮಾವ ಕೈಯೊಡ್ಡಿದ. ಫೋಟೊದವನು, "ಸ್ವಲ್ಪ ಹಾಗೇ ಇರಿ" ಎಂದ. ಬೇಬಿ ಹನಿಗಣ್ಣಾಗಿ ನಿಂತಿದ್ದಳು. ಭವ್ಯಶ್ರೀ ಹರಿವಾಣವನ್ನು ನೋಡುತ್ತಿರಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು. ಅವಳ ಕಣ್ಣು ಇವನ ಕಣ್ಣಿಗೆ ಸಿಕ್ಕಿತು. ಅಷ್ಟರಲ್ಲಿ ಹರಿವಾಣ ಕೈ ದಾಟಿತ್ತು.

ಬಾಗಿಲಲ್ಲಿದ್ದ ಮುದುಕಿಯೊಬ್ಬಳು, "ನೀವು ಹುಡುಗಿಯ ಕಡೆಯವರಾ? ಒಳಗೆ ಬನ್ನಿ. ಯಾರಾಗಬೇಕು ನೀವು?" ಎಂದು ಕೇಳಿದಳು.

"ಡ್ರೈವರ್" ಎಂದ ಕರುಣಾಕರ.

ಪಾದೆಗೆ ವಾಪಸು ಬಂದು ಹಳೆಯ ಪ್ಯಾಂಟು, ಶರ್ಟು ಹಾಕಿಕೊಂಡ. ಪ್ಯಾಂಟಿನ ಜೇಬಿನಲ್ಲಿ ಏನೋ ಚುಚ್ಚಿತು. ಗುರುವಾರ ತುರುಕಿದ ಹಾಳೆ. ಬಿಡಿಸಿದ. ಮೊದಲನೆಯ ಗಾಡಿ, ಡ್ರೈವರ್ ಆಲ್ವಿನ್. ಅದರ ಕೆಳಗಿನ ಸಾಲನ್ನು ಅವನು ಅವತ್ತು ಓದಿರಲಿಲ್ಲ. 'ಮುಂದಿನ ಸೀಟು: ಕರುಣಾಕರ ಮಾವ. ಹರಿವಾಣ ಮಾವನ ಕೈಯಲ್ಲಿ.' ಅದರ ಕೆಳಗೆ: 'ಗೇಟಿನಲ್ಲಿ ಮಾವ ಮೊದಲು ಇಳಿಯುವುದು. ಅವರ ಹಿಂದೆ ಉಳಿದವರು.'

"ಇದು ನಿನಗೆ ಗೊತ್ತಿತ್ತಾ?"

ಆಲ್ವಿನ್ ಹಾಳೆ ನೋಡಿದ. "ರೋಹಿತ್ ಸ್ಟ್ಯಾಂಡಿಗೆ ಬಂದು ಹೇಳಿದ್ದ. ಆ ದಿನ ಮಾವ ಸ್ಟೇರಿಂಗ್ ಮುಟ್ಟಬಾರದು, ಯಜಮಾನನ ಹಾಗೆ ಕೂತು ಹೋಗಬೇಕು ಅಂತ. ನಾನು ದುಡ್ಡು ಬೇಡ ಅಂದೆ, ನಿಮ್ಮ ಕಾರಲ್ವಾ."

"ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ಕೈ ಮುರೀತೇನೆ ಅಂತ ಹೇಳಿದ್ರಂತಲ್ಲ" ಎಂದ ಆಲ್ವಿನ್. ನಗಲಿಲ್ಲ.

ಊಟಕ್ಕೆ ರೋಹಿತ್ ಬಂದು ಕರೆದ, ಬೇಬಿ ಬಂದು ಕರೆದಳು, ಹುಡುಗನ ತಂದೆಯೇ ಬಂದು ಕೈಮುಗಿದು, "ನಮಗೆ ಗೊತ್ತಾಗಲಿಲ್ಲ, ತಪ್ಪಾಯಿತು" ಎಂದರು. ಬೆಲ್ಲ ನೀರೂ ಬಂತು. ಕರುಣಾಕರ ನೀರು ಕುಡಿದ, ಬೆಲ್ಲ ಮುಟ್ಟಲಿಲ್ಲ. "ಹೊಟ್ಟೆ ಸರಿ ಇಲ್ಲ" ಎಂದ. ತನ್ನದೇ ತಪ್ಪು ಎಂದು ಒಬ್ಬರ ಹತ್ತಿರವಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಹೊರಡುವಾಗ ಜಯಶೀಲ ಮುಂದಿನ ಬಾಗಿಲಿಗೆ ಕೈ ಹಾಕಿದ. ಲಾಕ್ ಆಗಿತ್ತು. ಗಾಜಿನೊಳಗೆ ನೋಡಿದರೆ, ಹುಡುಗನ ಕಡೆಯವರು ಕೊಟ್ಟ ಹರಿವಾಣ ಸೀಟಿನ ಮೇಲೆ ಕೂತಿತ್ತು, ಅಡ್ಡ ಬೆಲ್ಟು ಹಾಕಿಸಿಕೊಂಡು.

"ಜಾಗ ಇಲ್ಲ. ನೀವು ಟ್ರಾವೆಲರಿನಲ್ಲಿ ಬನ್ನಿ ಜಯಣ್ಣ."

"ಅದನ್ನು ಹಿಂದೆ ಹಿಡ್ಕೊಳ್ಳಲಿ ಮಾರಾಯ."

"ಜಾಗ ಇಲ್ಲ ಅಂದೆ."

ಬೈಲೂರು ದಾಟಿತು. ಬೇಬಿ ಕಿಟಕಿಗೆ ತಲೆ ಒರಗಿಸಿದ್ದಳು. ಭವ್ಯಶ್ರೀ ಮುಂದಕ್ಕೆ ಬಗ್ಗಿದಳು.

"ಮದುವೆಯ ದಿನ ಹಾಗೆ ಆಗ್ಲಿಕ್ಕೆ ಬಿಡುದಿಲ್ಲ ಮಾವ. ಆ ದಿನ ನೀವು..."

"ಮದುವೆಯ ದಿನಕ್ಕೂ ಪ್ರಿಂಟ್ ತೆಗೀರಿ" ಎಂದ ಕರುಣಾಕರ. "ಕಾರು ಬೇಕಾದ್ರೆ ಸ್ಟ್ಯಾಂಡಿಗೆ ಫೋನ್ ಮಾಡಿ. ಯಾರ ಪಾಳಿ ಇರ್ತದೋ ಅವರು ಬರ್ತಾರೆ."

ಭವ್ಯಶ್ರೀ ಅಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಅವನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ. ಪರ್ಕಳದಲ್ಲಿ ಮತ್ತೆ ಗಾಡಿಗಳು ಸಾಲುಗಟ್ಟಿದ್ದವು. ಇಂಜಿನ್ ಆರಿಸಿ, ಎಡಕ್ಕೆ ಕೈಚಾಚಿ, ಜಾರಿದ್ದ ಹರಿವಾಣವನ್ನು ಸೀಟಿಗೆ ಸರಿಯಾಗಿ ಒತ್ತಿ ಹಿಡಿದ. ಮುಂದಿನ ಗಾಡಿ ಹೊರಡುವವರೆಗೂ ಅವನ ಕೈ ಅದರ ಮೇಲೆಯೇ ಇತ್ತು.